ಬಾಯಿ ತೋರಿಸು

"ಅಮ್ಮಾ, ಆಯ್ತಾ? ಹಿಂದೆ ಬೇರೆಯೋರೂ ಕಾಯ್ತಿದ್ದಾರೆ," ಎಂದು ವಾರ್ಡಿನ ಕಾವಲುಗಾರ ಗದರಿದ. ಟೈಲರಮ್ಮ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕಿಟಕಿಯ ಗಾಜಿನಾಚೆ, ಮಂಚದ ಮೇಲೆ ಅವಳ ಅಕ್ಕ.

ಎಳವೆಯ ಜ್ವರಕ್ಕೆ ಅಕ್ಕನ ಕಿವಿ ಹೋಗಿತ್ತು. ತುಟಿ ನೋಡಿಯೇ ಮಾತು ತಿಳಿಯುವವಳು. ಈಗ ಒಳಗೆ ನರ್ಸು, ಡಾಕ್ಟರು, ಎಲ್ಲರ ಬಾಯಿಯೂ ಮಾಸ್ಕಿನಲ್ಲಿ ಮುಚ್ಚಿದೆ. ಯಾರು ಏನಂದರೂ ಪಾಪ, ಪಿಳಿಪಿಳಿ ನೋಡುತ್ತಾಳೆ, ಅಷ್ಟೆ.

ಅಂಗಡಿಯಲ್ಲಿ ತಂಗಿಯದು ಹೊಲಿಗೆ, ಅಕ್ಕನದು ಇಸ್ತ್ರಿ. ಬೆಳಿಗ್ಗೆ ಬಾಗಿಲು ತೆರೆದೊಡನೆ ಅಕ್ಕ ತಂಗಿಯ ಗಂಟಲ ಮೇಲೆ ಅಂಗೈ ಇಡುವಳು. ತಂಗಿ "ಅಕ್ಕಾ" ಎನ್ನುವಳು. ಗಂಟಲು ಅದುರಿದ್ದು ಅಂಗೈಗೆ ತಿಳಿದ ಮೇಲೇ ಇಬ್ಬರಿಗೂ ದಿನ ಶುರು. ಊರಿಗೆ ಅಂಟುರೋಗ ಬಂದಾಗ ಟೈಲರಮ್ಮ ಬೀದಿಗೆಲ್ಲ ಮಾಸ್ಕ್ ಹೊಲಿದು ಕೊಟ್ಟಳು. ಕೈ ಕುಲುಕಲು ಬಂದವರನ್ನು, "ದೂರ ನಿಂತ್ಕೊಂಡೇ ನಕ್ಕುಬಿಡಿ, ಸಾಕು," ಎಂದು ತಡೆದಳು. ಮಾಸ್ಕ್ ಕೆಳಗಿಳಿಸಿದ ಗಿರಾಕಿಗೆ, "ಅದೇನು, ಗದ್ದಕ್ಕೆ ಚಡ್ಡಿನಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಅಕ್ಕನ ಮುಂದೆ ಮಾತ್ರ ಅದೊಂದೂ ನಡೆಯಲಿಲ್ಲ. "ಬಾಯಿ ತೋರ್ಸೇ! ಏನಂದೆ?" ಎಂದು ಅವಳು ದಿನಕ್ಕೆ ನೂರು ಸಲ ರೇಗುವಳು, ತಂಗಿ ಮಾಸ್ಕ್ ಇಳಿಸುವಳು. ನಮ್ಮವಳಿಗೆ ನಮ್ಮಿಂದ ಏನಾದೀತು ಎಂಬ ಧೈರ್ಯ. ಗಂಟಲು ಕೆರೆದ ದಿನವೂ ಬಟ್ಟೆಯ ಧೂಳೆಂದುಕೊಂಡು, ಕೆಮ್ಮುತ್ತಲೇ ಇಳಿಸಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ! ತಾನು ಗುಣವಾದಳು, ಅಕ್ಕ ಹಾಸಿಗೆ ಹಿಡಿದಳು. "ಇನ್ನು ನಮ್ಮ ಕೈಲಿಲ್ಲಮ್ಮ," ಎಂದು ಡಾಕ್ಟರು ಈ ಬೆಳಿಗ್ಗೆ ಹೇಳಿದ್ದರು.

ನಡುವೆ ಗಾಜಿದೆಯಲ್ಲ ಎಂದು ಟೈಲರಮ್ಮ ಮಾಸ್ಕ್ ಇಳಿಸಿದಳು. "ಅಕ್ಕಾ, ನಾನೇ ಕಣೇ... ನನ್ನಿಂದ್ಲೇ ನಿಂಗೆ..."

ಅಕ್ಕ ಅವಳ ತುಟಿಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಕೈಯೆತ್ತಿ, ತನ್ನ ಗದ್ದದಿಂದ ಮೂಗಿನವರೆಗೆ ಬೆರಳೆಳೆದು ತೋರಿಸಿದಳು: ಹಾಕ್ಕೋ. ತಂಗಿ ಒಲ್ಲೆನೆಂದು ತಲೆಯಾಡಿಸಿದಳು. ಅಕ್ಕ ಮತ್ತೆ ತೋರಿಸಿದಳು, ಈ ಸಲ ಹುಬ್ಬು ಗಂಟಿಕ್ಕಿ.

ಟೈಲರಮ್ಮ ಮಾಸ್ಕ್ ಏರಿಸಿಕೊಂಡಳು. ಹೇಳಬೇಕಾದದ್ದನ್ನೆಲ್ಲ ಆ ಬಟ್ಟೆಯ ಹಿಂದೆಯೇ ಬಿಕ್ಕಿ ಬಿಕ್ಕಿ ಹೇಳಿದಳು. ಒಂದಕ್ಷರವೂ ತಿಳಿಯದ ಅಕ್ಕ, ಹೂಂ ಹೂಂ ಎಂಬಂತೆ ತಲೆದೂಗುತ್ತ ಕೇಳಿದಳು. ಆಮೇಲೆ ಅಂಗೈ ಬಿಡಿಸಿ ಕಿಟಕಿಯ ಕಡೆಗೆ ಚಾಚಿದಳು.

ಟೈಲರಮ್ಮ ಕತ್ತೆತ್ತಿ, ಗಂಟಲನ್ನು ಗಾಜಿಗೆ ಒತ್ತಿ, "ಅಕ್ಕಾ," ಎಂದಳು.