ನೆಲ್ ಎಂಬುವಳ ಬುಧವಾರಗಳು

ಆನ್ನೆಲಿ ನನ್ನನ್ನು ಕಂಡ ಕೂಡಲೇ ಮುಗುಳ್ನಕ್ಕು ಬೆರಳನ್ನು ಮೇಲಕ್ಕೆ ತೋರಿಸಿದಳು. “ಸ್ವೀಡಿಶ್ ಕಲಿಯೋ ಕ್ಲಾಸು ಎರಡನೇ ಮಹಡೀಲಿ.”

ನಾನು ಹೋಗಿದ್ದು ಕಲಿಯಲಿಕ್ಕಲ್ಲ, ಕಲಿಸಲಿಕ್ಕೆ. ಸ್ವೀಡನ್ನಿನ ವೆಸ್ಟೆರಾಸಿನಲ್ಲಿ ಆನ್ನೆಲಿ ನೋಡಿಕೊಳ್ಳುವ ಆ ಸಂಸ್ಥೆ ಊರಿನ ನಿವೃತ್ತರಿಗೆ ಹೊಲಿಗೆ, ಹಾಡು, ಇಂಗ್ಲಿಷ್ ಮಾತುಕತೆ ಎಲ್ಲ ಹೇಳಿಕೊಡುತ್ತದೆ. ಇಂಗ್ಲಿಷಿಗೆ ಟೀಚರ್ ಬೇಕು ಎಂದು ಜಾಹೀರಾತು ಹಾಕಿದ್ದರು. ದಾವಣಗೆರೆಯ ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಇಂಗ್ಲಿಷ್ ಪಾಠ ಮಾಡಿದ್ದಕ್ಕೆ ಸಾಕ್ಷಿಯಾಗಿ ಒಂದು ಫೈಲು ಹಿಡಿದು ಹೋಗಿದ್ದೆ.

ಆನ್ನೆಲಿ ಫೈಲನ್ನು ಪೂರ್ತಿ ಓದಿದಳು. ಪಾಪ, ಒಳ್ಳೆಯವಳೇ. “ತುಂಬಾ ಚೆನ್ನಾಗಿದೆ. ಆದ್ರೆ ನಮ್ಮ ಸದಸ್ಯರು ಹುಟ್ಟಿದಾಗಿನಿಂದ ಇಂಗ್ಲಿಷ್ ಆಡೋರೇ ಬೇಕು ಅಂತಾರೆ. ನನಗೇನೂ ಇಲ್ಲಪ್ಪ. ಸದಸ್ಯರಿಗೆ.”

ವರ್ಣಮಾಲೆ ಕಲಿಸುವವಳ ವರ್ಣವನ್ನು ಮೊದಲು ನೋಡುವುದು ಈ ಊರಿಗೆ ಹೊಸದಲ್ಲ. ಅದು ನನಗೆ ನಾಲ್ಕನೆಯ ಬಾಗಿಲು. ಪ್ರತಿ ಬಾಗಿಲಲ್ಲೂ ಬೇರೆ ಯಾರಿಗೋ ಅಭ್ಯಂತರವಿತ್ತು, ಎದುರಿಗೆ ಕೂತವರಿಗೆ ಮಾತ್ರ ಇರಲಿಲ್ಲ.

ಮನೆಗೆ ಬಂದು ಆನ್ನೆಲಿಯನ್ನು ಅಭಿನಯಿಸಿ ತೋರಿಸಿದೆ. ತಲೆ ಒಂದು ಕಡೆ ವಾಲಿಸಿ, ಎರಡೂ ಕೈ ಎದೆಗಿಟ್ಟು, “ನನಗೇನೂ ಇಲ್ಲಪ್ಪ!” ಕಾಲೇಜಿನಲ್ಲಾಗಿದ್ದರೆ ಸ್ಟಾಫ್ ರೂಮು ಬಿದ್ದು ಬಿದ್ದು ನಗುತ್ತಿತ್ತು. ಇಲ್ಲಿ ನನ್ನ ಗಂಡ ನಂದಕುಮಾರ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಟ್ರಾನ್ಸ್‌ಫಾರ್ಮರುಗಳ ಮೀಟಿಂಗಿನಲ್ಲಿದ್ದ. ಒಂಬತ್ತು ವರ್ಷದ ರಿಯಾ ಸ್ವೀಡಿಶಿನಲ್ಲಿ, “ಅಮ್ಮಾ, ನಿಲ್ಸು,” ಎಂದಳು. ಅವಳು ಸ್ವೀಡಿಶಿನಲ್ಲಿ ಉತ್ತರ ಕೊಟ್ಟರೆ ಮಾತು ಮುಗಿಯಿತೆಂದೇ ಅರ್ಥ. ವೆಸ್ಟೆರಾಸಿನಲ್ಲಿ ನಾನು ವೇಸ್ಟ್ ಆಗಿ ಆಗಲೇ ಎರಡು ವರ್ಷವಾಗಿತ್ತು.

ನವೆಂಬರಿನಲ್ಲಿ ಆನ್ನೆಲಿಯ ಫೋನ್ ಬಂತು. ಅವಳ ಹೆಸರು ಪರದೆಯ ಮೇಲೆ ಕಂಡದ್ದೇ ನನಗೊಂದು ಕಿಡಿಗೇಡಿತನ ಹೊಳೆಯಿತು. ನಾನು ಓದುವಾಗ ನಮ್ಮ ಕಾಲೇಜಿನ ಭಾಷಾ ಪ್ರಯೋಗಾಲಯದಲ್ಲಿ ಲಂಡನ್ನಿನ ಹೆಂಗಸೊಬ್ಬಳ ಕ್ಯಾಸೆಟ್ಟಿತ್ತು. ‘ರ’ಕಾರವನ್ನು ಚಪ್ಪಲಿಯಂತೆ ಬಾಗಿಲ ಹೊರಗೇ ಬಿಟ್ಟು ಮಾತಿನೊಳಗೆ ಬರುವವಳು. ಅವಳನ್ನು ಅನುಕರಿಸಿ ಹಾಸ್ಟೆಲಿನಲ್ಲಿ ಎಷ್ಟು ಸಲ ಚಪ್ಪಾಳೆ ಗಿಟ್ಟಿಸಿದ್ದೆನೋ. ಅದೇ ದನಿಯಲ್ಲಿ, “ಹಲೋ, ಯಾರು ಮಾತಾಡ್ತಿರೋದು ಅಂತ ತಿಳೀಬಹುದಾ?” ಎಂದೆ.

ಆನ್ನೆಲಿ ಗಲಿಬಿಲಿಗೊಂಡಳು. “ಕ್ಷಮಿಸಿ, ನಳಿನಿ ಇದಾರಾ? ಅವರ ಫೈಲು ಇಲ್ಲೇ ಉಳಿದಿದೆ.”

“ನಳಿನಿಯೇ.”

ಆನ್ನೆಲಿ ನನ್ನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: “ಇದೇ ದನೀಲಿ ಒಂದು ಗಂಟೆ ಮಾತಾಡಕ್ಕಾಗತ್ತಾ?”

ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಬೀಳುವ ಭಯಕ್ಕೆ ಮನೆಯಿಂದ ಹೊರಡದ ಐದು ಜನ ವೃದ್ಧರಿಗೆ ಫೋನಿನಲ್ಲೇ ನಡೆಯುವ ಇಂಗ್ಲಿಷ್ ಗುಂಪೊಂದಿತ್ತು. ಅದರ ಟೀಚರು ಇಂಗ್ಲೆಂಡಿಗೆ ವಾಪಸು ಹೋಗಿದ್ದ. “ವಿಡಿಯೋ ಇಲ್ಲ. ಯಾರೂ ನೋಡಲ್ಲ,” ಎಂದಳು ಆನ್ನೆಲಿ. “ನೀವು ಸುಳ್ಳೇನೂ ಹೇಳ್ಬೇಕಾಗಿಲ್ಲ. ಯಾವ ದೇಶದೋರು ಅಂತ ಅವರಾಗೇ ಕೇಳದಿದ್ರೆ ಹೇಳ್ಬೇಡಿ, ಅಷ್ಟೇ. ಹೆಸರು ನೆಲ್ ಅಂತ ಹಾಕ್ಲಾ? ಅವರಿಗೆ ಸುಲಭ.”

ಥೂ ಎನ್ನಬೇಕಿತ್ತು. ಆದರೆ ಅವತ್ತು ಬೆಳಗ್ಗೆಯಿಂದ ನನ್ನೊಡನೆ ಮಾತಾಡಿದ್ದು ಅಂಗಡಿಯ ಬಿಲ್ಲಿಂಗ್ ಯಂತ್ರ ಒಂದೇ. ಹೂಂ ಎಂದೆ.

ಬುಧವಾರ ಹನ್ನೊಂದಕ್ಕೆ ಮನೆ ಖಾಲಿ. ಅಡುಗೆಮನೆಯ ಕಿಟಕಿಯ ಪಕ್ಕ ಕೂತು ನಾನು ನೆಲ್ ಆಗುತ್ತಿದ್ದೆ. ಮೊದಲ ವಾರ ಪಾಠ ನಡೆಯಿತು, ಎರಡನೆಯ ವಾರ ಹರಟೆ. ಬಿರ್ಗಿತ್ ಎಂಬ ಅಜ್ಜಿ ತನ್ನ ಬೆಕ್ಕಿನ ಬಗ್ಗೆ ದೂರುತ್ತಿದ್ದಳು. ಕಾರ್ಖಾನೆಯಲ್ಲಿ ಟರ್ಬೈನ್ ಫಿಟ್ಟರ್ ಆಗಿದ್ದ ಇಂಗ್ವಾರ್ ಎಲ್ಲ ವಾಕ್ಯಗಳನ್ನೂ ನಟ್ಟು ಬಿಗಿದಂತೆ ಮುಗಿಸುತ್ತಿದ್ದ. ನಾನು ಅವರ ದನಿಗಳನ್ನೇ ಅವರಿಗೆ ತಿರುಗಿ ಆಡಿ ತೋರಿಸಿದರೆ ಐದೂ ಮನೆಗಳಲ್ಲಿ ಒಟ್ಟಿಗೆ ನಗು. ಎರಡು ವರ್ಷದ ಮೇಲೆ ನನ್ನ ಮಾತಿಗೆ ಯಾರೋ ನಕ್ಕಿದ್ದರು.

“ನೆಲ್, ಚಿಕ್ಕವಳಿದ್ದಾಗ ನಿಮ್ಮನೆ ಹಿಂದೆ ಏನಿತ್ತು?” ಎಂದು ಬಿರ್ಗಿತ್ ಕೇಳಿದಳು.

“ಹತ್ತಿ ಗಿರಣಿ,” ಎಂದೆ. ಅದು ನಿಜ. ಅವಳು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಎಂದುಕೊಂಡಳು. ನಾನು ತಿದ್ದಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಎಲ್ಲರೂ ಫೋನಿಟ್ಟ ಮೇಲೂ ಇಂಗ್ವಾರ್ ಉಳಿದ. “ನೆಲ್, ಡಾಕ್ಟ್ರು ನನ್ನ ಶ್ವಾಸಕೋಶದಲ್ಲಿ ಏನೋ ಇದೆ ಅಂದ್ರು. ಮಗನಿಗೆ ಹೇಳಿಲ್ಲ. ನಿಮಗೆ ಇಂಗ್ಲಿಷಲ್ಲಿ ಹೇಳೋದು ಸುಲಭ. ಬೇರೆ ಯಾರದೋ ಸುದ್ದಿ ಅನ್ಸತ್ತೆ.”

ಕ್ಯಾಸೆಟ್ಟಿನ ಹೆಂಗಸು ಅಂಥ ಪಾಠ ಮಾಡಿರಲಿಲ್ಲ. “ನಾನಿದೀನಿ, ಇಂಗ್ವಾರ್,” ಎಂದೆ, ಅವಳದೇ ದನಿಯಲ್ಲಿ. ಫೋನಿಟ್ಟ ಮೇಲೆ, ನಾನಿದೀನಿ ಎಂದವಳು ನಳಿನಿಯೋ ನೆಲ್ಲೋ ಎಂದು ಯೋಚಿಸಿದೆ.

ಏಪ್ರಿಲಿನಲ್ಲಿ ಹಿಮ ಕರಗಿತು. ಈ ದೇಶದಲ್ಲಿ ಎಂಥ ಚಿಕ್ಕ ತರಗತಿಯಾದರೂ ಕೊನೆಯ ದಿನ ಎಲ್ಲರೂ ಸೇರಿ ಕಾಫಿ ಕುಡಿಯದೆ ಮುಗಿಯುವುದಿಲ್ಲ. ಫೀಕಾ ಎನ್ನುತ್ತಾರೆ. ಐವರೂ ಸಂಸ್ಥೆಗೆ ಬಂದು ನೆಲ್‌ಳನ್ನು ನೋಡುತ್ತಾರಂತೆ. ಬಿರ್ಗಿತ್ ಏಳು ಬಗೆಯ ಬಿಸ್ಕತ್ತು ಮಾಡುತ್ತಾಳಂತೆ.

“ಜ್ವರ ಅಂತ ಹೇಳಿಬಿಡಿ,” ಎಂದಳು ಆನ್ನೆಲಿ. “ಚೆನ್ನಾಗಿ ನಡೀತಾ ಇದೆ, ಯಾಕೆ ಕೆಡಿಸ್ಕೋಬೇಕು? ಸೆಪ್ಟೆಂಬರಿಂದ ಮತ್ತೆ ನೀವೇ.”

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಂದಕುಮಾರನಿಗೆ ಹೇಳಿದೆ. “ರೀ, ಹೋಗ್ಲಾ ಬೇಡ್ವಾ?”

“ಅವಳು ಹೇಳೋದು ಪ್ರಾಕ್ಟಿಕಲ್ ಕಣೇ. ಹೋದ್ರೆ ಕೆಲಸ ಹೋಗತ್ತೆ.”

“ಹೋಗದಿದ್ರೆ ನಾನು ಹೋಗ್ತೀನಲ್ರೀ.”

“ಎಲ್ಲಿಗೆ?” ಎಂದ, ಸಾರು ಬಡಿಸಿಕೊಳ್ಳುತ್ತಾ.

ಬುಧವಾರ ಇಳಕಲ್ ಸೀರೆ ಉಟ್ಟು, ಮೇಲೆ ಕೋಟು ಹಾಕಿಕೊಂಡು ಹೋದೆ. ನನ್ನನ್ನು ಕಂಡ ಆನ್ನೆಲಿ ಕಾಫಿ ಯಂತ್ರದ ಹಿಂದೆ ಸರಿದಳು. ಮೇಜಿನ ಸುತ್ತ ಐದು ಬಿಳಿ ತಲೆಗಳು ಬಾಗಿಲನ್ನೇ ನೋಡುತ್ತಿದ್ದವು. ನಾನು ಒಳಗೆ ಬಂದ ಮೇಲೂ ಬಾಗಿಲನ್ನೇ ನೋಡುತ್ತಿದ್ದವು.

ಕುರ್ಚಿ ಎಳೆದು ಕೂತೆ. “ನಾನೇ ನೆಲ್,” ಎಂದೆ, ದಾವಣಗೆರೆಯ ಇಂಗ್ಲಿಷಿನಲ್ಲಿ, ಇದ್ದಬದ್ದ ‘ರ’ಕಾರಗಳನ್ನೆಲ್ಲ ಒಳಗೆ ಕರೆದುಕೊಂಡು. “ಪೂರ್ತಿ ಹೆಸರು ನಳಿನಿ. ಹತ್ತಿ ಗಿರಣಿ ಇದ್ದದ್ದು ಕರ್ನಾಟಕದಲ್ಲಿ. ದನಿ ಬೇರೆಯವರದ್ದು. ಮಾತೆಲ್ಲ ನಂದೇ.”

ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಿತ್ತು, ಜಗಳ ಆಡಬಹುದಿತ್ತು. “ಓ, ಎಷ್ಟು ಸ್ವಾರಸ್ಯ,” ಎಂದರು ಯಾರೋ. ಬಿರ್ಗಿತ್ ತಟ್ಟೆಯನ್ನು ನನ್ನ ಕಡೆ ತಳ್ಳಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು: “ಇದರಲ್ಲಿ. ಬಾದಾಮಿ. ಇದೆ. ನೀವು ಇಂಗ್ಲಿಷ್ ತುಂಬಾ ಚೆನ್ನಾಗಿ ಆಡ್ತೀರಿ.”

ಐದು ತಿಂಗಳು ಅವಳ ಇಂಗ್ಲಿಷ್ ತಿದ್ದಿದವಳು ನಾನು. ಥ್ಯಾಂಕ್ಸ್ ಹೇಳಿ ಬಿಸ್ಕತ್ತು ತೆಗೆದುಕೊಂಡೆ.

ಇಂಗ್ವಾರ್ ಎದುರಿಗೇ ಕೂತಿದ್ದ. ನಾನು ಎಣಿಸಿದ್ದಕ್ಕಿಂತ ಸಣಕಲು. ನನ್ನ ಮುಖ ನೋಡುವುದು, ಲೋಟ ನೋಡುವುದು ಮಾಡುತ್ತಿದ್ದ.

“ಡಾಕ್ಟ್ರು ಏನಂದ್ರು?” ಎಂದೆ.

ಅವನು ಬೆಚ್ಚಿದ. ತನ್ನ ಗುಟ್ಟು ಅಪರಿಚಿತ ಹೆಂಗಸಿಗೆ ಹೇಗೆ ಗೊತ್ತಾಯಿತು ಎನ್ನುವಂತೆ ಅಕ್ಕಪಕ್ಕ ನೋಡಿದ. ಆಮೇಲೆ ಮುಂದೆ ಬಾಗಿ, ಬಹಳ ಸಂಕೋಚದಿಂದ ಕೇಳಿದ: “ಒಂದೇ ಒಂದು ಸಲ ಅವಳ ಹಾಗೆ ಮಾತಾಡ್ತೀರಾ? ನಾನು ಕಣ್ಣು ಮುಚ್ಕೋತೀನಿ. ಅವಳಿಗಾದ್ರೆ ಹೇಳ್ತೀನಿ.”

ನಿಜಕ್ಕೂ ಕಣ್ಣು ಮುಚ್ಚಿದ. ಉಳಿದವರು ಬಿಸ್ಕತ್ತು ಕಡಿಯುವುದನ್ನು ನಿಲ್ಲಿಸಿದರು.

ಮಿಮಿಕ್ರಿ ಮಾಡು ಎಂದರೆ ಎರಡನೆಯ ಸಲ ಹೇಳಿಸಿಕೊಂಡವಳಲ್ಲ ನಾನು. ನಾಲಗೆ ತಾನಾಗಿಯೇ ಸಿದ್ಧವಾಯಿತು. ಮುಚ್ಚಿದ ಅವನ ರೆಪ್ಪೆಗಳು ಅದುರುತ್ತಿದ್ದವು. ಬಾಯಿ ತೆರೆದರೆ ಸಾಕು, ಅವನಿಗೆ ನೆಲ್ ಸಿಗುತ್ತಾಳೆ, ನನಗೆ ಸೆಪ್ಟೆಂಬರ್ ಸಿಗುತ್ತದೆ.

“ಅವಳು ಹೊರಟು ಹೋದಳು, ಇಂಗ್ವಾರ್,” ಎಂದೆ, ನನ್ನದೇ ದನಿಯಲ್ಲಿ.

ಅವನು ಕಣ್ಣು ಬಿಡಲಿಲ್ಲ. ನನಗೆ ಸಾಂತ್ವನ ಹೇಳುವವನಂತೆ ತಲೆ ಅಲ್ಲಾಡಿಸಿ, “ಒಂದು ಮಾತೂ ಹೇಳದೆ ಹೋದಳಲ್ಲ,” ಎಂದ.