ಸಾವಂತ್ರಿಯ ಚಂಚಿಯಲ್ಲಿದ್ದ ಗುಳಿಗೆಗಳು

ನಾನು ಒಂದು ಚಂಚಿ. ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಟ್ಟುಕೊಳ್ಳುವ ಬಟ್ಟೆಯ ಚೀಲ. ಪ್ಯಾಟೆಯವರು ನನ್ನನ್ನು ಕಂಡು 'ಪರ್ಸು ಚೆನ್ನಾಗಿದೆ' ಅನ್ನುತ್ತಾರೆ, ಕೇಳಿದರೆ ಮೈ ಉರಿಯುತ್ತದೆ. ಬಾಗಲಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಅಂಬವ್ವನೆಂಬ ಮುದುಕಿ ಹರಿದ ಇಳಕಲ್ ಸೀರೆ, ಖಣದ ಚೂರು ಸೇರಿಸಿ ನನ್ನನ್ನು ಹೊಲಿದಳು. ಒಳಗೆ ಒಂದರ ಹಿಂದೊಂದು ಖಾನೆ, ಬಾಯಿಗೆ ದಾರ. ಚಂಚಿ ಬಿಚ್ಚಿದವರ ಪಕ್ಕ ಯಾರು ಕೂತರೂ ಕೈಹಾಕಿ ಎಲೆ ತೆಗೆದುಕೊಳ್ಳುವುದು ನಮ್ಮ ಕಡೆಯ ರೂಢಿ. ಒಲ್ಲೆ ಅನ್ನುವಂತಿಲ್ಲ. ಅಂಬವ್ವ ಇರುವ ತನಕ ಅರ್ಧ ಓಣಿಯ ಕೈ ನನ್ನ ಹೊಟ್ಟೆಯಲ್ಲೇ ಇರುತ್ತಿತ್ತು.

ಅವಳು ಹೋಗುವ ಮುಂಚೆ ನನ್ನನ್ನು ಮೊಮ್ಮಗಳು ಸಾವಂತ್ರಿಗೆ ಕೊಟ್ಟಳು. ಸಾವಂತ್ರಿಯ ಜೊತೆ ನಾನೂ ಅವಳ ಗಂಡನ ಮನೆಗೆ ಬಂದೆ. ಗಂಡ ಶ್ರೀಶೈಲ ಬೋರ್‌ವೆಲ್ ಗಾಡಿಯ ಜೊತೆ ಊರೂರು ತಿರುಗುವವನು. ಅತ್ತೆ ನಿಂಬೆವ್ವ ಕೆಟ್ಟವಳೇನಲ್ಲ. ಸೊಸೆ ಬಸುರಾದಳೆಂದು ತಿಳಿದ ದಿನ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮೂರನೇ ತಿಂಗಳಲ್ಲಿ ಸಾವಂತ್ರಿ ಸರಕಾರಿ ದವಾಖಾನೆಗೆ ಹೋದಳು. ನಾನು ಅವಳ ಸೊಂಟದಲ್ಲಿದ್ದೆ. "ಬಸುರಿದ್ದವರಿಗೆಲ್ಲಾ ಎಚ್‌ಐವಿ ನೋಡತೀವ್ರಿ, ನಿಮಗೊಬ್ಬರಿಗೇ ಅಲ್ಲ" ಎಂದು ನರ್ಸು ನಗುತ್ತ ರಕ್ತ ತೆಗೆದಳು. ಆಮೇಲೆ ಮತ್ತೊಮ್ಮೆ ತೆಗೆದರು. ಆಗ ನರ್ಸು ನಗಲಿಲ್ಲ. ಒಳಕೋಣೆಯಲ್ಲಿ ಒಬ್ಬ ಮೇಡಂ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದಳು.

"ಈ ಗುಳಿಗಿ ದಿನಾ ತಗೋರಿ, ಹೆರಿಗಿಗಿ ಇಲ್ಲೇ ಬರ್ರಿ, ಹುಟ್ಟಿದ ಕೂಡ್ಲೇ ಕೂಸಿಗೂ ಔಷಧಿ ಹಾಕತೀವಿ. ಇಷ್ಟು ಮಾಡಿದ್ರ ಕೂಸಿಗಿ ಬರೂದು ಬಾಳ ಕಡಿಮಿ. ಯಜಮಾನ್ರನ್ನೂ ಕರ್ಕೊಂಡು ಬರ್ರಿ."

ಯಜಮಾನರು ಬರಲಿಲ್ಲ. "ಅವ್ವಗ ಹೇಳಬ್ಯಾಡ" ಎಂದಷ್ಟೇ ಹೇಳಿ ಗಾಡಿ ಹತ್ತಿದ. ಸಾವಂತ್ರಿ ದವಾಖಾನೆಯವರು ಕೊಟ್ಟ ಬಾಟಲಿ ಬಿಸಾಕಿ, ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ನನ್ನ ಹಿಂದಿನ ಖಾನೆಗೆ ತುರುಕಿದಳು. ದಿನಾ ಊಟವಾದ ಮೇಲೆ ಎಲೆ ಹಾಕಿಕೊಳ್ಳುವವಳಂತೆ ನನ್ನನ್ನು ಬಿಚ್ಚಿ ಒಂದು ಗುಳಿಗೆ ನುಂಗುವಳು. ಒಂದು ಕೂಸಿನ ಜೀವ ನನ್ನ ಮಡಿಲಲ್ಲಿದೆ ಎಂದು ನನಗೆ ಎಷ್ಟು ಹೆಮ್ಮೆ!

ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಸಾವಂತ್ರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಸಂಜೆ ತವರಿಗೆ ಕಳಿಸುವುದಿತ್ತು. ಊಟ ಮುಗಿಸಿ ಹೆಂಗಸರು ಸುತ್ತ ಕೂತಿದ್ದರು. ನಿಂಬೆವ್ವ ಖುಷಿಯಲ್ಲಿ ಸೊಸೆಯ ಪಕ್ಕ ಕೂತು ಎಲೆಗೆಂದು ನನ್ನೊಳಗೆ ಕೈಹಾಕಿದಳು. ಕೈಗೆ ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದವಳೇ ಮುಚ್ಚಿಕೊಂಡಳು. "ಶಕ್ತಿ ಗುಳಿಗಿ" ಎಂದು ಮಗಳನ್ನು ಕರೆದೊಯ್ಯಲು ಬಂದಿದ್ದ ಬೀಗತಿಗೆ ನಕ್ಕು ಹೇಳಿ, ಸೊಸೆಯನ್ನು ಅಡುಗೆಮನೆಗೆ ಕರೆದೊಯ್ದಳು.

"ಇಂಥಾವ ಗುಳಿಗಿ ಶ್ರೀಶೈಲನ ಟ್ರಂಕಿನ್ಯಾಗ ನೋಡೀನಿ. ನಿಮ್ಮ ಮದಿವಿಕಿಂತ ಮೊದ್ಲ."

"ಗೊತ್ತಿದ್ದೂ ನನ್ನ ಮಾಡ್ಕೊಂಡ್ರೇನ್ರಿ, ಅತ್ತಿ?"

ನಿಂಬೆವ್ವ ಒಲೆಯ ಬೆಂಕಿ ಕೆದಕಿದಳು. "ತವರ ಮನ್ಯಾಗ ಇವು ಯಾರ ಕಣ್ಣಿಗಿ ಬಿದ್ರೂ ಎರಡೂ ಮನಿ ಮುಳುಗತಾವ. ಆಮ್ಯಾಲ ನಿನ್ನ ತಂಗಿನ್ನ ಯಾರ ಮಾಡ್ಕೋತಾರ?" ಎಂದಳು. ಪೊಟ್ಟಣ ಒಲೆಗೆ ಹೋಯಿತು. ಬರಿದಾದ ನನ್ನ ಖಾನೆಗೆ ಅವಳೇ ಹಸಿ ಎಲೆ, ಅಡಿಕೆ ತುಂಬಿ, ಸೊಸೆಯ ಹಣೆಗೆ ಕುಂಕುಮ ಹಚ್ಚಿ ಕಳಿಸಿದಳು. ಹಚ್ಚುವಾಗ ಅತ್ತಳು. ಆ ಅಳು ಸುಳ್ಳಲ್ಲ, ಅದೇ ನನಗೆ ಇವತ್ತಿಗೂ ತಡೆಯಲಾಗದ ಸಂಕಟ.

ತವರಿನಲ್ಲಿ ಸಾವಂತ್ರಿ ತಂಗಿಯ ಮುಖ ನೋಡಿದಾಗಲೆಲ್ಲ ಬಾಯಿ ಮುಚ್ಚಿಕೊಂಡಳು. ಗುಟ್ಟು ಬಯಲಾದೀತೆಂದು ಹೆರಿಗೆಗೂ ದವಾಖಾನೆ ಬೇಡವೆಂದು ಹಟ ಹಿಡಿದಳು. ದವಾಖಾನೆಗೆ ಹೆದರಿದ್ದಾಳೆಂದುಕೊಂಡು ಅವಳವ್ವ ಸೂಲಗಿತ್ತಿಯನ್ನು ಕರೆಸಿದಳು. ಹೆಣ್ಣು ಹುಟ್ಟಿತು. ಚಂಪಾ ಎಂದು ಹೆಸರಿಟ್ಟರು. ಕೂಸು ನನ್ನ ದಾರ ಜಗಿಯುತ್ತಿತ್ತು, ಒಸಡಿನ ಮೆತ್ತಗಿನ ಕಡಿತ. ಬರಬರುತ್ತ ಜಗಿಯುವ ಶಕ್ತಿಯೂ ಇಲ್ಲದಾಯಿತು. ಭೇದಿ, ಜ್ವರ, ಬಾಯಿತುಂಬ ಬಿಳಿ ಹುಣ್ಣು.

ಕೊನೆಗೆ ಅದೇ ದವಾಖಾನೆಗೆ ಬಂದೆವು. ಕೂಸಿಗೂ ಬಂದಿದೆ ಎಂದರು. ಹೊರಗೆ ಬೆಂಚಿನ ಮೇಲೆ ಸಾವಂತ್ರಿ ಕೂತಿದ್ದಳು, ಪಕ್ಕದಲ್ಲಿ ಮೊಮ್ಮಗಳನ್ನು ಎದೆಗೆ ಅವಚಿಕೊಂಡ ನಿಂಬೆವ್ವ. ಈಚೆ ಬದಿಗೆ ಒಬ್ಬ ಬಸುರಿ, ಇನ್ನೂ ಹುಡುಗಿ. ಹೆಸರು ರೇಣುಕಾ ಅಂತೆ. ಸೆರಗಿನಲ್ಲಿ ಗುಳಿಗೆ ಬಾಟಲಿ ಬಚ್ಚಿಟ್ಟುಕೊಂಡಿದ್ದಳು. ಕೂಸನ್ನು ನೋಡಿ, ನೋಡಿ, ಮೆಲ್ಲಗೆ ಕೇಳಿದಳು.

"ಅಕ್ಕಾ, ಬಸುರಿದ್ದಾಗ ನೀವು ಈ ಗುಳಿಗಿ ತಗೊಂಡಿದ್ರೇನ್ರಿ?"

ಹೇಳೇ, ನಡುವೆ ಬಿಟ್ಟೆ ಅನ್ನೇ ಎಂದು ನಾನು ಒಳಗೊಳಗೇ ಚೀರಿದೆ. ಬಟ್ಟೆಯ ಕೂಗು ಯಾರಿಗೆ ಕೇಳಬೇಕು? ಸಾವಂತ್ರಿ ಅತ್ತೆಯ ಕಡೆ ನೋಡಿದಳು. ನಿಂಬೆವ್ವ ತಲೆ ಎತ್ತಲಿಲ್ಲ.

"ತಗೊಂಡಿದ್ನೆವ್ವಾ. ಒಂದ್ ದಿನಾನೂ ಬಿಟ್ಟಿಲ್ಲ."

"ತಗೊಂಡ್ರೂ ಹಿಂಗಾತ?" ಎಂದಳು ಹುಡುಗಿ. ಒಳಗಿನಿಂದ ಮೇಡಂ ಅವಳ ಹೆಸರು ಕರೆಯುತ್ತಿದ್ದಳು. ಅವಳು ಬಾಟಲಿಯನ್ನು ಬೆಂಚಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ಎದ್ದು, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಚಂಪಾ ಉಳಿಯಲಿಲ್ಲ. ಈಗ ನನ್ನ ಹೊಲಿಗೆ ಬಿಚ್ಚಿದೆ, ಗೋಡೆಯ ಮೊಳೆಗೆ ತೂಗುಬಿದ್ದಿದ್ದೇನೆ. ಸಾವಂತ್ರಿ ಎಲೆ ಹಾಕುವುದನ್ನೇ ಬಿಟ್ಟಿದ್ದಾಳೆ. ನಾನು ದಿನವಿಡೀ ಆ ಬಸುರಿಯನ್ನೇ ನೆನೆಯುತ್ತೇನೆ. ಅವಳು ಮತ್ತೆ ಆ ದವಾಖಾನೆಗೆ ಬಂದಳೋ ಇಲ್ಲವೋ ತಿಳಿಯದು. ಅವಳ ಕೂಸು ಇಷ್ಟೊತ್ತಿಗೆ ಓಡಾಡುವಷ್ಟು ದೊಡ್ಡದಾಗಿರಬೇಕು, ಇದ್ದರೆ.