ಟವೆಲ್ ಹಾಸಿದ ಸೀಟು

ಶಿವಪುತ್ರಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು, ಒಮ್ಮೆ ಝಾಡಿಸಿ, ಬಲಗಡೆಯ ಸೀಟಿನ ಮೇಲೆ ಹಾಸುವ ಹೊತ್ತಿಗೆ ಕೆಳಗೆ ಹುಡುಗಿಯರು ಚೆಂಡು ಪುಟಿಸಿಕೊಂಡು ಓಡಾಡತೊಡಗಿದ್ದರು. ಕೆಂಪು ಅಂಚಿನ ಬಿಳಿ ಟವೆಲು. ಅದರ ಮೂಲೆಗಳನ್ನು ಎಳೆದು, ನಡುವಿನ ಸುಕ್ಕನ್ನು ಅಂಗೈಯಿಂದ ಸವರಿ, ಆಮೇಲೆ ತಾವು ಕುಳಿತರು. ಅಂಗಿಯೊಳಗಿನ ಲಿಂಗವನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು. ಅವರ ಹಿಂದೆ ಮುಂದೆ ನೀಲಿ ಪ್ಲಾಸ್ಟಿಕ್ ಸೀಟುಗಳು ಸಾಲಿನ ಮೇಲೆ ಸಾಲಾಗಿ ಚಾವಣಿಯವರೆಗೂ ಹೋಗಿದ್ದವು. ಮಗ ನೆಲೆಸಿದ ಪರದೇಶದ ಊರು ಹ್ಯಾಮಿಲ್ಟನ್ನಿನ ಅಷ್ಟು ದೊಡ್ಡ ಸ್ಟೇಡಿಯಮ್ಮಿನಲ್ಲಿ ಜನ ಇದ್ದದ್ದು ಕೆಳಗಿನ ಮೂರು ಸಾಲುಗಳಲ್ಲಿ ಮಾತ್ರ. ಮೇಲೆ ಅವರೊಬ್ಬರೇ.

ಒಬ್ಬರೇ ಎಂದು ನೋಡಿದವರು ಅಂದುಕೊಳ್ಳಬೇಕು, ಅಷ್ಟೇ.

ತೇರದಾಳದಿಂದ ಜಮಖಂಡಿಯ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಓಡಾಡಿದ ಮೇಷ್ಟ್ರು ಅವರು. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದರೆ ಮುಗಿಯಿತು, ಆ ಸೀಟು ಟವೆಲಿನವರದು. ಬೇಕಾದರೆ ಹಿಂದಿನಿಂದ ಎಷ್ಟು ಜನ ನುಗ್ಗಿ ಬರಲಿ, ಎಂಥ ಗಟ್ಟಿಗ ಬರಲಿ, ಬಟ್ಟೆಯನ್ನು ಸರಿಸಿ ಕೂರುವ ಎದೆ ಯಾರಿಗೂ ಇರಲಿಲ್ಲ. ಸಂತೆಯ ದಿನ ಹೆಂಡತಿ ನೀಲಮ್ಮ ಜೊತೆಗೆ ಬಂದರೆ ಅವರು ಟವೆಲ್ ಒಗೆದು ಹೊರಗೇ ನಿಲ್ಲುತ್ತಿದ್ದರು. ಆಕೆ ಕಾಯಿಪಲ್ಲೆಯ ಚೀಲ ಹಿಡಿದು, ಎಲ್ಲರೂ ಹತ್ತಿದ ಮೇಲೆ ನಿಧಾನವಾಗಿ ಹತ್ತಿ, ರಾಣಿಯ ಹಾಗೆ ಹೋಗಿ ಕುಳಿತುಕೊಳ್ಳುತ್ತಿದ್ದಳು.

ಈ ಊರಿನವರಿಗೆ ಆ ಕಾನೂನು ಹೇಗೆ ಗೊತ್ತಾಗಬೇಕು? ಅಭಿಮಾನಿಗಳ ಕೂಟವನ್ನು ನಡೆಸುವ ಡೆನಿಸ್ ಎಂಬ ಹೆಂಗಸು ಒಳ್ಳೆಯವಳು. ಅರ್ಧ ಆಟ ಮುಗಿದಾಗ ಶಿವಪುತ್ರಪ್ಪನವರು ಚಹಾಕ್ಕೆಂದು ಕೆಳಗಿಳಿದರೆ ಸಾಕು, ಆಕೆ ಮೇಲೆ ಹತ್ತಿ ಹೋಗಿ ಟವೆಲ್ಲನ್ನು ಮಡಚಿ ತಂದು, ಬಾಗಿಲ ಬಳಿಯ ಕಳೆದುಹೋದ ವಸ್ತುಗಳ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದಳು. "ಮತ್ತೆ ಮರೆತುಬಿಟ್ಟಿರಿ, ಮಿಸ್ಟರ್ ಶಿವಾ!" ಎಂದು ನಗುತ್ತ ಕೊಡುತ್ತಿದ್ದಳು. ಮರೆತದ್ದಲ್ಲ ಎಂದು ವಿವರಿಸುವಷ್ಟು ಇಂಗ್ಲಿಷು ಮೇಷ್ಟ್ರಿಗೆ ಇತ್ತು. ಆದರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಥ್ಯಾಂಕ್ಯೂ ಎಂದು ಇಸಿದುಕೊಂಡು, ಮತ್ತೆ ಮೆಟ್ಟಿಲು ಹತ್ತಿ, ಮತ್ತೆ ಹಾಸುತ್ತಿದ್ದರು.

ಆಟದ ಹುಚ್ಚು ಇದ್ದದ್ದು ನೀಲಮ್ಮನಿಗೆ. ಮೊಮ್ಮಗಳು ಶ್ರೇಯಾ ಕಾಲೇಜು ಸೇರಿ—ಇಲ್ಲಿ ಹೈಸ್ಕೂಲಿಗೂ ಕಾಲೇಜು ಎಂದೇ ಹೆಸರು—ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದ ಮೊದಲ ವರ್ಷ, ಮೈಮೇಲೆ ಎರಡು ಸ್ವೆಟರು, ತಲೆಗೆ ಸೆರಗು ಹೊದ್ದು ಇದೇ ಸೀಟಿನಲ್ಲಿ ಬಂದು ಕುಳಿತಳು. ತಿಂಗಳೊಪ್ಪತ್ತಿನಲ್ಲಿ ಆಟದ ಒಳಗುಟ್ಟು ಅವಳಿಗೆ ತಿಳಿದುಹೋಯಿತು. "ಆ ಸೀಟಿ ಊದಾಂವಗ ಕಣ್ಣ ಇಲ್ಲೇನ್ರಿ? ನಮ್ಮ ಹುಡುಗೀನ ದಬ್ಬಿದ್ಲಲ್ಲ ಅಕಿ!" ಎಂದು ಗಂಡನ ತೊಡೆಗೆ ಗುದ್ದುತ್ತಿದ್ದಳು. ಶಿವಪುತ್ರಪ್ಪನವರಿಗೆ ಆಟಕ್ಕಿಂತ ಅವಳ ಗದ್ದಲ ನೋಡುವುದರಲ್ಲೇ ಸುಖ. ಹೋದ ವರ್ಷದ ಚಳಿಗಾಲಕ್ಕೆ ಮೊದಲು ಒಂದು ಮಧ್ಯಾಹ್ನ, ರೊಟೊಟೂನ ಬಡಾವಣೆಯ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ನಿಂತಲ್ಲೇ ಕುಸಿದು ಲಿಂಗೈಕ್ಯಳಾದಳು. ಅದಾದ ಮೇಲೆ ಅವರು ಒಂದು ಆಟವನ್ನೂ ತಪ್ಪಿಸಿಲ್ಲ.

ಅಂದು ಆಟ ಮುಗಿದು ಹೊರಡುವಾಗ ಡೆನಿಸ್ ಬಾಗಿಲಲ್ಲಿ ಅವರನ್ನು ತಡೆದಳು. "ಗುರುವಾರ ಸಂಜೆ ಸಭೆ ಇದೆ. ಆಟಗಳನ್ನು ಇಲ್ಲಿಂದ ತೆಗೆದು ಕಾಲೇಜಿನ ನಮ್ಮದೇ ಜಿಮ್ಮಿಗೆ ಒಯ್ಯೋಣ ಅಂತ ಕೆಲವರು, ಬೇಡ ಅಂತ ಕೆಲವರು. ನೀವೂ ಬರಬೇಕು. ನಿಮಗಿಂತ ದೊಡ್ಡ ಅಭಿಮಾನಿ ಯಾರಿದ್ದಾರೆ?"

ಕಾರಿನಲ್ಲಿ ಮಗ ಕಲ್ಲೇಶ್ ಖುಷಿಪಟ್ಟ. "ಚೊಲೋನ ಆತಲ್ಲಪ್ಪಾ. ಮನಿಯಿಂದ ನಡಕೊಂಡ ಹೋಗಬಹುದು. ಪಾರ್ಕಿಂಗ್ ಕಾಟ ಇಲ್ಲ."

"ಸಣ್ಣದಲ್ಲೋ ಅದು? ಮಂದಿ ಹಿಡೀಬೇಕಲ್ಲ."

"ದಟ್ಸ್ ದ ಪಾಯಿಂಟ್, ಅಜ್ಜಾ," ಹಿಂದಿನ ಸೀಟಿನಿಂದ ಶ್ರೇಯಾ ಅಂದಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ, ನಡುವೆ ಒಂದೊಂದು ಕನ್ನಡದ ತುಣುಕು. "ಈ ಸ್ಟೇಡಿಯಂ ಈಸ್ ಲೈಕ್ ಎ ಫ್ರಿಡ್ಜ್. ನಮ್ಮ ಶೂ ಸೌಂಡ್ ನಮಗೇ ಕೇಳ್ತದ. ಎಲ್ಲಾ ಖಾಲಿ ಖಾಲಿ."

"ಅರ್ಜಿ ಹಾಕಿದ್ದ ಇಕೀನ ಅಪ್ಪಾ," ಎಂದ ಕಲ್ಲೇಶ್, ಕನ್ನಡಿಯಲ್ಲಿ ಮಗಳನ್ನು ನೋಡಿ ಹೆಮ್ಮೆಯಿಂದ. "ಕ್ಯಾಪ್ಟನ್ ಬಾಯಿ!"

ಶಿವಪುತ್ರಪ್ಪನವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಮಡಿಲಲ್ಲಿದ್ದ ಟವೆಲಿನ ಅಂಚನ್ನು ಬೆರಳು ತಾನೇ ತಾನಾಗಿ ತಿರುವುತ್ತಿತ್ತು.

ಗುರುವಾರ ಕಾಲೇಜಿನ ಗ್ರಂಥಾಲಯದಲ್ಲಿ ಸಭೆ ಸೇರಿತು. ಊರ ಚಾವಡಿಯಲ್ಲಿ ಎಷ್ಟೋ ಪಂಚಾಯ್ತಿ ಕಂಡವರಿಗೆ ಇದು ಹೊಸದೇನೂ ಆಗಿರಲಿಲ್ಲ. ಇಲ್ಲಿಯೂ ಜೋರಾಗಿ ಮಾತಾಡುವವರು ಮುಂದೆ ಕುಳಿತಿದ್ದರು, ಸಿಟ್ಟಾದವರು ಬಾಗಿಲ ಬಳಿ ನಿಂತಿದ್ದರು. ಗಡ್ಡದ ಒಬ್ಬ ತಂದೆ ಎದ್ದು, ದೊಡ್ಡ ಅಂಗಳವೆಂದರೆ ಒಂದು ಘನತೆ, ಮೇಲೆ ಪರದೆಯಲ್ಲಿ ಮಗಳ ಹೆಸರು ಬೆಳಗುತ್ತದೆ, ಅದನ್ನು ಬಿಟ್ಟು ಬೆವರು ನಾರುವ ಜಿಮ್ಮಿಗೆ ಯಾಕೆ ಬರಬೇಕು ಎಂದ. "ನಿನ್ನ ಮಗಳ ಹೆಸರು ಓದುವವರು ಯಾರು, ಕುರ್ಚಿಗಳೇ?" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು.

ಶ್ರೇಯಾ ಮಾತಾಡಲು ಎದ್ದಳು. ಮನೆಯಲ್ಲಿ ಒಂದು ಲೋಟ ಎತ್ತಿಡಲು ಹತ್ತು ಸಲ ಹೇಳಿಸಿಕೊಳ್ಳುವ ಹುಡುಗಿ ಇಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತು, ಮೆಲ್ಲಗೆ, ಒಂದೂ ಮಾತು ತಡವರಿಸದೆ ಹೇಳಿದಳು: ಜನ ಹತ್ತಿರವಿದ್ದರೆ ಕಾಲಿಗೆ ಬಲ ಬರುತ್ತದೆ, ಖಾಲಿ ಸೀಟುಗಳ ಎದುರು ಆಡುವುದೆಂದರೆ ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿವಪುತ್ರಪ್ಪನವರೂ ತಟ್ಟಿದರು. ತಟ್ಟಿ, ಅದೇ ಕೈಯನ್ನು ಮೇಲೆತ್ತಿದರು.

"ಮಿಸ್ಟರ್ ಶಿವಾ!" ಡೆನಿಸ್ ಹಿಗ್ಗಿದಳು.

"ಸಣ್ಣ ಜಾಗ," ಎಂದು ಇಂಗ್ಲಿಷಿನಲ್ಲೇ ಶುರುಮಾಡಿದರು. "ಸೀಟು ಸಿಗುವುದಿಲ್ಲ."

"ನಿಮಗೆ ಸಿಗದಿದ್ದರೆ ಇನ್ಯಾರಿಗೆ? ಮುಂದಿನ ಸಾಲಿನಲ್ಲೇ ಹಿಡಿದಿಡುತ್ತೇನೆ."

ಅವರು ಎರಡು ಬೆರಳು ತೋರಿಸಿದರು. "ಟೂ."

"ಎರಡೇ? ಇನ್ನೊಂದು ಯಾರಿಗೆ, ಟವೆಲಿಗಾ?" ಡೆನಿಸ್ ಅಕ್ಕರೆಯಿಂದಲೇ ಅಂದದ್ದು. ಕೋಣೆ ತುಂಬ ನಗು ಹರಡಿತು. ಮೇಷ್ಟ್ರು ತಾವೂ ಸ್ವಲ್ಪ ನಕ್ಕರು. ನಗದೇ ಇದ್ದವಳು ಶ್ರೇಯಾ ಒಬ್ಬಳೇ.

ಅವರು ಅವಳ ಕಡೆ ತಿರುಗಿದರು. "ಹೇಳವಾ ಇವ್ರಿಗೆ. ನನ್ನ ಬಾಯಾಗ ಬರವಲ್ದು. ಅದು ಖಾಲಿ ಸೀಟ ಅಲ್ಲ. ಅಲ್ಲಿ ನಿಮ್ಮ ಆಯಿ ಕುಂದರ್ತಾಳ. ದೊಡ್ಡ ಜಾಗಾದಾಗ ಯಾರೂ ಕೇಳಂಗಿಲ್ಲ. ಸಣ್ಣ ಜಾಗಾದಾಗ ಅಕಿನ್ನ ಎಬ್ಬಸ್ತಾರ. ಇಷ್ಟ ಹೇಳು."

ಎಲ್ಲರ ಮುಖ ಹುಡುಗಿಯ ಕಡೆ ಹೊರಳಿತು. ಶ್ರೇಯಾಳ ಕತ್ತು ಕೆಂಪಾಯಿತು. "ಮೈ ಗ್ರ್ಯಾಂಡ್‌ಫಾದರ್ ಸೇಸ್..." ಎಂದಳು. ತುಟಿ ಕಚ್ಚಿದಳು. ಆಮೇಲೆ, ಹಳೆಯ ಜಾಗ ಅವರಿಗೆ ಬಹಳ ನೆನಪಾಗುತ್ತದಂತೆ ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತುಬಿಟ್ಟಳು.

ಓ, ಎಂದು ಸಭೆ ಮರುಗಿತು. ಮರುಗಿ ಮುಂದೆ ಹೋಯಿತು. ಕೈ ಎತ್ತಿಸಿ ಕೇಳಿದಾಗ ಸ್ಟೇಡಿಯಮ್ಮಿನ ಪರವಾಗಿ ಎದ್ದದ್ದು ಗಡ್ಡದವನದು, ಅವನ ಹೆಂಡತಿಯದು, ಶಿವಪುತ್ರಪ್ಪನವರದು. ಉಳಿದ ಕೈಗಳೆಲ್ಲ ಜಿಮ್ಮಿಗೆ.

ಮನೆಗೆ ಅಜ್ಜ, ಮೊಮ್ಮಗಳು ನಡೆದೇ ಹೊರಟರು. ಮಳೆ ಬಂದು ನಿಂತಿತ್ತು. ಬೇಲಿಗಳ ಮರದ ಹಲಗೆಗಳು ಒದ್ದೆಯಾಗಿ ಕಪ್ಪಾಗಿದ್ದವು.

"ಪೂರಾ ಯಾಕ ಹೇಳಲಿಲ್ಲವಾ?" ಕೊನೆಗೆ ಅಜ್ಜ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ರ ಎಲ್ಲಾರೂ ಸಾರಿ ಅಂತಿದ್ರು. ದೆನ್ ನೋಬಡಿ ವುಡ್ ವೋಟ್ ಫಾರ್ ಅಸ್." ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ನೆಲ ನೋಡುತ್ತ ನಡೆದಳು. ಸ್ವಲ್ಪ ಹೊತ್ತಿಗೆ, ಅವರ ಆಶ್ಚರ್ಯಕ್ಕೆ, ಪೂರಾ ಕನ್ನಡದಲ್ಲೇ, ಒಂದೊಂದೇ ಶಬ್ದ ಹುಡುಕಿ ಇಟ್ಟ ಹಾಗೆ ಅಂದಳು: "ಅಜ್ಜಾ, ನಾ ಚೆಂಡ ಹಿಡಕೊಂಡ ನಿಂತಾಗ ಮ್ಯಾಲೆ ನೋಡ್ತೀನಿ. ಪ್ರತಿ ಸಲ. ಟವೆಲ್ ಕಾಣ್ತದ. ಆಯಿ ಕಾಣಂಗಿಲ್ಲ."

ಶಿವಪುತ್ರಪ್ಪನವರು ನಿಂತರು. ಅವಳೂ ನಿಂತಳು.

"ಆಮ್ಯಾಲೆ ನಂಗ ಬುಟ್ಟ್ಯಾಗ ಹಾಕಾಕ ಆಗಂಗಿಲ್ಲ," ಎಂದಳು. ಮೂಗು ಒರೆಸಿಕೊಂಡು, ಮತ್ತೆ ತನ್ನ ಭಾಷೆಗೆ ಮರಳಿದಳು. "ಐ ಆಲ್ವೇಸ್ ಮಿಸ್."

ಮುಂದೆ ಮನೆ ಬಂತು. ಅವರು ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತರು. ಅಂಗೈಯ ಮೇಲಿನ ಲಿಂಗವನ್ನು ನೋಡುತ್ತ ನೋಡುತ್ತ, ಇಷ್ಟು ದಿನ ತನಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದ ಆ ಸೀಟನ್ನು ಕೆಳಗಿನಿಂದ ಇನ್ನೊಂದು ಜೀವ ನೋಡುತ್ತಿತ್ತಲ್ಲಾ ಶಿವನೇ ಎಂದುಕೊಂಡರು. ಅಂದು ಪೂಜೆ ಬಹಳ ಹೊತ್ತು ನಡೆಯಿತು.

ಜಿಮ್ಮಿನ ಮೊದಲ ಆಟದ ದಿನ ಮೊಣಕಾಲು ನೋವೆಂದು ಹೇಳಿ ಮನೆಯಲ್ಲೇ ಉಳಿಯಬೇಕೆಂದಿದ್ದರು. ಆದರೆ ಶನಿವಾರ ಮಧ್ಯಾಹ್ನವಾಗುತ್ತಿದ್ದಂತೆ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕಿದವು. ಹೋಗುವಷ್ಟರಲ್ಲಿ ಒಳಗೆ ಕಾಲಿಡಲು ತೆರಪಿಲ್ಲ. ತಗಡಿನ ಚಾವಣಿಯ ಕೆಳಗೆ ಜನ ಉದ್ದನೆಯ ಮರದ ಬೆಂಚುಗಳ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು, ಮಕ್ಕಳು ಗೋಡೆಗೆ ಅಂಟಿಕೊಂಡಿದ್ದವು, ಯಾರೋ ಡಬ್ಬಿ ಬಡಿಯುತ್ತಿದ್ದರು. ಡೆನಿಸ್ ದೂರದಿಂದಲೇ ಕೈಬೀಸಿ, ಮುಂದಿನ ಬೆಂಚಿನ ತುದಿಗೆ ಕರೆದಳು. ಮಾತು ಉಳಿಸಿಕೊಂಡಿದ್ದಳು, ಅಲ್ಲಿ ಒಬ್ಬರಿಗಲ್ಲ, ಒತ್ತಿ ಕೂತರೆ ಇಬ್ಬರಿಗೆ ಜಾಗವಿತ್ತು.

ಹಾಸಬಾರದೆಂದೇ ಬಂದಿದ್ದರು. ಕೈ ಕೇಳಲಿಲ್ಲ. ಟವೆಲ್ಲನ್ನು ಸಣ್ಣಗೆ, ಅಂಗೈಯಗಲ ಮಡಚಿ, ಅಂಗಳದಿಂದ ಕಾಣದ ಹಾಗೆ ತಮ್ಮ ತೊಡೆಯ ಮಗ್ಗುಲಿಗೆ ಇಟ್ಟರು.

ಸೀಟಿ ಊದಿ ಆಟ ಶುರುವಾಯಿತು. ಅಷ್ಟರಲ್ಲಿ ದಪ್ಪನೆಯ ಕೋಟು ತೊಟ್ಟ, ಈ ನೆಲದ ಮೂಲನಿವಾಸಿ ಮಾವೊರಿ ಮುದುಕಿಯೊಬ್ಬಳು ಎಲ್ಲರ ಮೊಣಕಾಲುಗಳನ್ನು ದಾಟುತ್ತ, ಎಲ್ಲರಿಗೂ "ಕಿಯಾ ಓರಾ, ಕಿಯಾ ಓರಾ" ಎಂದು ನಮಸ್ಕಾರ ಹೇಳುತ್ತ ಬಂದು, ಉಸ್ಸೆಂದು ಆ ಮಡಿಕೆಯ ಮೇಲೆಯೇ ಕುಳಿತುಬಿಟ್ಟಳು. ಯಾವ ಬಸ್ಸಿನಲ್ಲೂ, ಯಾವ ಗಟ್ಟಿಗನೂ ಮಾಡದ ಕೆಲಸ.

"ಯಾರೋ ಬರುವವರಿದ್ದಾರೆ," ಎಂದರು ಶಿವಪುತ್ರಪ್ಪನವರು ಇಂಗ್ಲಿಷಿನಲ್ಲಿ.

ಮುದುಕಿ ತಿರುಗಿ ನೋಡಿದಳು. ಗಲ್ಲದ ಮೇಲೆ ಹಸಿರು ಹಚ್ಚೆ. ತೇರದಾಳದ ಮುದುಕಿಯರ ಗಲ್ಲದ ಮೇಲೂ ಇರುತ್ತಿತ್ತು. "ಹೆಂಡತಿಯೇ?"

ಅವರು ಹೌದೆಂದು ತಲೆಯಾಡಿಸಿದರು.

"ಬರಲಿ, ಡಿಯರ್. ಆಕೆ ಬಂದ ಕೂಡಲೇ ನಾನು ಎದ್ದುಬಿಡುತ್ತೇನೆ." ಅಷ್ಟು ಹೇಳಿ ಅಂಗಳದ ಕಡೆ ತಿರುಗಿದಳು. "ಆ ಉದ್ದನೆಯವಳು ನನ್ನ ಮೊಮ್ಮಗಳು, ಆರೋಹ. ಆ ಸ್ಟೇಡಿಯಮ್ಮಿಗೆ ನನಗೆ ಯಾವತ್ತೂ ಹೋಗಲಾಗಲಿಲ್ಲ. ಎರಡು ಬಸ್ಸು ಬದಲಿಸಬೇಕು, ಈ ಕಾಲಿನಲ್ಲಿ ಯಾರು ಹತ್ತುತ್ತಾರೆ? ನಿಮ್ಮದು ಯಾವುದು?"

ಅವರು ಬೆರಳು ಮಾಡಿ ತೋರಿಸಿದರು.

ಎದುರಾಳಿಯೊಬ್ಬಳು ಶ್ರೇಯಾಳ ಕೈಗೆ ಹೊಡೆದದ್ದಕ್ಕೆ ಸೀಟಿಯಾಗಿತ್ತು. ಬುಟ್ಟಿಗೆ ಎಸೆಯಲು ಗೆರೆಯ ಮೇಲೆ ಅವಳು ಚೆಂಡು ಹಿಡಿದು ನಿಂತಳು. ಗದ್ದಲವೆಲ್ಲ ಒಮ್ಮೆಗೇ ಅಡಗಿತು. ರೂಢಿಯಿಂದ ಅವಳ ಕತ್ತು ಮೇಲಕ್ಕೆದ್ದಿತು. ಅಲ್ಲಿ ತಗಡಿನ ಚಾವಣಿಯಷ್ಟೇ ಇತ್ತು. ಕಣ್ಣು ಕೆಳಗಿಳಿದು ಬೆಂಚುಗಳ ಮೇಲೆ ಅಲೆಯುತ್ತ ಬಂದು, ಅಜ್ಜನ ಮೇಲೆ, ಪಕ್ಕದ ಅಗಲವಾದ ಕೋಟಿನ ಮೇಲೆ ನಿಂತಿತು. ನಿಂತು, ಚೆಂಡಿಗೆ ಮರಳಿತು.

ಮುದುಕಿ ಅಂಗಳದಿಂದ ದೃಷ್ಟಿ ಕೀಳದೆ ಜೇಬಿನಿಂದ ಮ್ಯಾಂಡರಿನ್ ಹಣ್ಣೊಂದನ್ನು ತೆಗೆದು ಸುಲಿದಳು. ಸುಲಿದು, ಎಷ್ಟೋ ವರ್ಷದಿಂದ ಪಕ್ಕದಲ್ಲೇ ಕೂತವಳ ಹಾಗೆ, ಅರ್ಧ ಹಣ್ಣನ್ನು ಶಿವಪುತ್ರಪ್ಪನವರ ಒಂದು ಕೈಗೆ ಇಟ್ಟಳು, ಸಿಪ್ಪೆಯನ್ನು ಇನ್ನೊಂದು ಕೈಗೆ. ಜಿಮ್ಮಿಗೆ ಜಿಮ್ಮೇ ಎದ್ದು ಚಪ್ಪಾಳೆ ತಟ್ಟಿತು. ಅವರೂ ಎದ್ದರು, ತಟ್ಟಲು ಕೈ ಖಾಲಿ ಇರಲಿಲ್ಲ.